ಗರಗಸದ ಪಾಲು

"ಅಕ್ಕಾ, ಇದು ಕುಣೀತಿದೆ!"

ಹೊಸ ಸ್ಟೂಲಿನ ಮೇಲೆ ನಿಂತ ತಮ್ಮ ಎಡಕ್ಕೆ ವಾಲಿದ, ಬಲಕ್ಕೆ ವಾಲಿದ. ಅವನಿಗೆ ಖುಷಿಯೋ ಖುಷಿ. ಅಕ್ಕ ಮಾತ್ರ ಓಡಿಬಂದು ಅವನ ತೋಳು ಹಿಡಿದಳು.

"ಇಳಿಯೋ ಕೋತಿ! ಬಿದ್ದು ಹಲ್ಲು ಮುರ್ಕೋತೀಯ."

ಸ್ಟೂಲು ನಾಳೆ ಸ್ಕೂಲಿಗೆ ಹೋಗಬೇಕಿತ್ತು. ಅಲ್ಲಿನ ನೀರಿನ ನಲ್ಲಿ ದೊಡ್ಡವರ ಹೆಗಲೆತ್ತರಕ್ಕಿದೆ. ಒಂದನೇ ಕ್ಲಾಸಿನವರು ತಿರುಗಿಸಲಾರರು. ದೊಡ್ಡ ಹುಡುಗರು "ಬಾರೋ, ಕುಡಿಸ್ತೀವಿ" ಅಂತ ಕರೆದು ತಲೆ ಮೇಲೆ ಸುರಿದು ನಗುತ್ತಾರೆ. ತಮ್ಮ ಈಗ ಸ್ಕೂಲಿನಲ್ಲಿ ನೀರು ಕುಡಿಯುವುದನ್ನೇ ಬಿಟ್ಟಿದ್ದಾನೆ. ಸಂಜೆ ಮನೆಗೆ ಬಂದವನೇ ಲೋಟದ ಮೇಲೆ ಲೋಟ ಗಟಗಟ ಇಳಿಸುತ್ತಾನೆ.

ನಲ್ಲಿ ಕೆಳಗಿಳಿಸಿ ಅಂತ ಅಕ್ಕ ಹೋಗಿ ಕೇಳಿದ್ದಳು. "ಮುಂದಿನ ವರ್ಷ ಉದ್ದ ಆಗ್ತಾನೆ ಬಿಡಮ್ಮ" ಅಂದಿದ್ದರು ಹೆಡ್‌ಮಾಸ್ಟರು. ಬಾಯಾರಿಕೆ ಮುಂದಿನ ವರ್ಷದವರೆಗೆ ಕಾಯುತ್ತದೆಯೇ?

ಅದಕ್ಕೇ ಅವಳು ಚಿಕ್ಕಮ್ಮನ ಮರಗೆಲಸದ ಶೆಡ್ಡಿಗೆ ಬಂದಿದ್ದು. ಚಿಕ್ಕಮ್ಮ ಒಂದೇ ಒಂದು ಹಲಗೆ ಕೊಟ್ಟಿದ್ದಳು. ಅದರಲ್ಲಿ ನಾಲ್ಕು ಸಮ ತುಂಡು: ಮೇಲಕ್ಕೊಂದು, ಕಾಲಿಗೆರಡು, ಹಿಂದೆ ಕಾಲುಗಳ ನಡುವೆ ಅಡ್ಡ ಆಸರೆಗೊಂದು. ಟೇಪು ಹಿಡಿದದ್ದು ಸರಿ, ಗೆರೆ ಎಳೆದದ್ದೂ ಸರಿ. ಆದರೂ ಒಂದು ಕಾಲು ಅರ್ಧ ಬೆರಳಗಲ ಕುಳ್ಳು!

"ಚಿಕ್ಕಮ್ಮಾ, ನಿನ್ನ ಟೇಪೇ ಸುಳ್ಳು ಹೇಳುತ್ತೆ."

ಚಿಕ್ಕಮ್ಮ ನಕ್ಕಳು. "ಹಲಗೇನ ಎಷ್ಟು ಜನಕ್ಕೆ ಹಂಚಿದೆ?"

"ನಾಲ್ಕು."

"ಐದು ಕಣೇ. ಗರಗಸಾನೂ ಪಂಕ್ತಿಲಿ ಕೂತಿತ್ತು. ಕೆಳಗೆ ನೋಡು."

ಕೆಳಗೆ ಬರೀ ಮರದ ಹೊಟ್ಟು. ಅಕ್ಕ ಒಂದು ಚಿಟಿಕೆ ಎತ್ತಿಕೊಂಡಳು. ಅಯ್ಯೋ, ಇದೂ ಹಲಗೆಯೇ! ಮೂರು ಸಲ ಕೊಯ್ದಿದ್ದಳು. ಮೂರು ಸಲವೂ ಗರಗಸ ತನ್ನ ತುತ್ತು ತಿಂದಿತ್ತು. ಅಷ್ಟೂ ನಷ್ಟ ಕೊನೆಯ ತುಂಡಿನ ತಲೆಗೇ ಬಿದ್ದಿತ್ತು.

"ಆ ಕುಳ್ಳು ತುಂಡನ್ನ ಹಿಂದಿನ ಆಸರೆಗೆ ಹಾಕಿದ್ರೆ ಯಾರ ಗಮನಕ್ಕೂ ಬರ್ತಿರಲಿಲ್ಲ," ಅಂದಳು ಚಿಕ್ಕಮ್ಮ. "ಈಗ ಮೊಳೆ ಕಿತ್ರೆ ಮರ ಸೀಳುತ್ತೆ. ಇನ್ನೊಂದು ಕಾಲನ್ನೂ ಅಷ್ಟೇ ಕೊಯ್ದುಬಿಡು."

"ಆಗಲ್ಲ! ಇವನ ತಲೆ ನಲ್ಲಿಯ ಸಮಕ್ಕೆ ಬರ್ಬೇಕು ಅಂತ ಲೆಕ್ಕ ಹಾಕಿದ್ದೀನಿ. ಅರ್ಧ ಬೆರಳು ಕಮ್ಮಿಯಾದ್ರೆ ಎಲ್ಲಾ ಹಾಳು."

ನಲ್ಲಿಯ ಎತ್ತರವನ್ನು ಅವಳು ದಾರದಲ್ಲಿ ಅಳೆದು ತಂದು, ಶೆಡ್ಡಿನ ಗೋಡೆ ಮೇಲೆ ಚಾಕ್‌ಪೀಸಿನಿಂದ ಗುರುತು ಹಾಕಿದ್ದಳು. ತಮ್ಮ ಮೆಲ್ಲಗೆ ಸ್ಟೂಲನ್ನು ಅಲ್ಲಿಗೆ ಎಳೆದುಕೊಂಡು ಹೋದ. ಹತ್ತಿ, ಗೋಡೆ ಹಿಡಿದು, ಒಂದು ಕೈ ಎತ್ತಿದ. ಕೈ ಗುರುತನ್ನು ದಾಟಿ ಎಲ್ಲಿಗೋ ಹೋಯಿತು.

"ನನ್ನ ಕೈ ಲೆಕ್ಕಕ್ಕೇ ಇಲ್ವಾ ಅಕ್ಕಾ?"

ಅಕ್ಕ ಆ ಕೈಯನ್ನೇ ನೋಡಿದಳು. ನಿನ್ನೆ ಇವನನ್ನು ಗೋಡೆಗೆ ಒತ್ತಿ, "ಅಲ್ಲಾಡ್ಬೇಡ, ಕೈ ಕೆಳಗಿಡು, ಮಾತಾಡ್ಬೇಡ" ಅಂತ ಗದರಿ ಅಳೆದಿದ್ದಳು. ಹಲಗೆ ಅಳೆದ ಹಾಗೆ.

ಸ್ಟೂಲನ್ನು ಬೋರಲು ಹಾಕಿದಳು. ಉದ್ದದ ಕಾಲಿಗೆ ಗೆರೆ ಎಳೆದಳು. ಗರಗಸ ಇಡುವ ಮುಂಚೆ ತಡೆದು ಕೇಳಿದಳು: "ಗೆರೆಯ ಆಚೆ ಪಕ್ಕ ಕೊಯ್ಬೇಕು, ಅಲ್ವಾ? ಅದರ ತುತ್ತು ಬಿಸಾಡೋ ಚೂರಿನಲ್ಲೇ ಹೋಗ್ಲಿ."

"ಈಗ ನೀನು ಹೇಳು, ನಾನು ಕೇಳ್ತೀನಿ," ಅಂದಳು ಚಿಕ್ಕಮ್ಮ.

ಮರುದಿನ ಸ್ಕೂಲಿನಲ್ಲಿ ತಮ್ಮ ತಾನೇ ನಲ್ಲಿ ತಿರುಗಿಸಿ, ಬೊಗಸೆ ತುಂಬ ಹಿಡಿದು, ಹೊಟ್ಟೆ ತುಂಬ ಕುಡಿದ. ಅಂಗಿ ನೆನೆಯಲಿಲ್ಲ. ಹಿಂದೆ ಪುಟಾಣಿಗಳ ಸಾಲು ನೂಕಾಡುತ್ತಿತ್ತು. ಸಾಲಿನ ಕೊನೆಗೆ ಎಲ್ಲರಿಗಿಂತ ಚೋಟುದ್ದದ ಒಬ್ಬಳು ಹತ್ತಿ, ತುದಿಗಾಲಲ್ಲಿ ನಿಂತಳು. ಬೆರಳ ತುದಿ ನಲ್ಲಿಗೆ ತಾಗಿತು, ಆದರೆ ತಿರುಗಿಸಲು ಸಾಲಲಿಲ್ಲ.

ಅಕ್ಕ ಜೇಬಿನಿಂದ ಟೇಪು ತೆಗೆದಳು. ಆದರೆ ಬಿಚ್ಚಲಿಲ್ಲ. ಆ ಪುಟ್ಟಿಯ ಪಕ್ಕ ಮಂಡಿಯೂರಿ ಕೂತಳು.

"ನಿಂಗೆ ಹೇಗಿದ್ರೆ ಸರಿಹೋಗುತ್ತೆ, ಹೇಳು ಪುಟ್ಟಿ."