ತೆರೆಯದ ಡಿಸ್ಕ್

ನವೆಂಬರ್ 10, ಸೋಮವಾರ ಬೆಳಗ್ಗೆ 11.20ಕ್ಕೆ ಕೆಂಪಾಪುರದ ಫೋಟೋ ಸ್ಟುಡಿಯೋ ಮಾಲೀಕ ಯಶವಂತ್ ಠಾಣೆಗೆ ಓಡಿಬಂದ. ಮೇಜಿನ ಮೇಲಿಟ್ಟಿದ್ದ ಹಾರ್ಡ್ ಡಿಸ್ಕ್ ಕಳುವಾಗಿತ್ತು. ಅದರಲ್ಲಿ ಐದು ಮದುವೆಗಳ ವಿಡಿಯೋ ಇದ್ದವು. ಯಾವುದಕ್ಕೂ ಬೇರೆ ಕಾಪಿ ಇರಲಿಲ್ಲ.

"ಯಾಕಿಲ್ಲ?" ಇನ್ಸ್‌ಪೆಕ್ಟರ್ ಶಾಂತಲಾ ಕೇಳಿದರು.

"ಇವತ್ತು ಮಾಡೋಣ, ನಾಳೆ ಮಾಡೋಣ ಅಂತ ಹಾಗೇ ಬಿಟ್ಟೆ ಮೇಡಂ."

"ಅಂಗಡೀಲಿ ಯಾರಿದ್ರು?"

"ಪಾಸ್‌ಪೋರ್ಟ್ ಫೋಟೋಗೆ ಮೂರ್ನಾಲ್ಕು ಜನ ಬಂದಿದ್ರು. ನಾನು ಒಳಗಡೆ ತೆಗೀತಿದ್ದೆ. ಹೊರಗೆ ಯಾರು ಬಂದ್ರು, ಯಾರು ಹೋದ್ರು, ನೋಡ್ಲಿಲ್ಲ."

ಊರವರ ಮದುವೆಗಳಿಗೆಲ್ಲ ಕ್ಯಾಮೆರಾ ಹಿಡಿಯುವ ಈ ಮಹಾನುಭಾವನ ಅಂಗಡಿಯಲ್ಲಿ ಒಂದು ಸಿಸಿಟಿವಿಯೂ ಇರಲಿಲ್ಲ, ನೋಡಿ. ಬಿಎನ್‌ಎಸ್ ಕಲಂ 305ರಡಿ ಕಳ್ಳತನದ ಎಫ್‌ಐಆರ್ ದಾಖಲಾಯಿತು. 12.45ಕ್ಕೆ ಸ್ಥಳ ಪಂಚನಾಮೆ ಶುರುವಾಯಿತು. ಡಿಸ್ಕ್ ಇದ್ದ ಜಾಗದ ಪಕ್ಕದಲ್ಲೇ ಎರಡು ಲಕ್ಷದ ಕ್ಯಾಮೆರಾ ಹಾಗೆಯೇ ಕೂತಿತ್ತು.

"ಕಳ್ಳ ಶುದ್ಧ ಪೆದ್ದ ಕಣ್ರೀ," ಎಂದ ಹೆಡ್ ಕಾನ್‌ಸ್ಟೇಬಲ್ ಹನುಮಯ್ಯ, ಪಂಚರ ಕಡೆ ತಿರುಗಿ.

"ಪೆದ್ದ ಅಲ್ಲ ಹನುಮಯ್ಯ. ಅವನಿಗೆ ಡಿಸ್ಕ್ ಒಳಗಿರೋದು ಬೇಕಿತ್ತು," ಎಂದರು ಶಾಂತಲಾ. ಆಮೇಲೆ ಯಶವಂತನನ್ನು ಕೇಳಿದರು, "ಯಾರು ಬೇಕಾದ್ರೂ ತೆರೆದು ನೋಡಬಹುದಾ?"

"ಇಲ್ಲ ಮೇಡಂ. ಅದು ಮ್ಯಾಕ್ ಕಂಪ್ಯೂಟರ್‌ಗೆ ಮಾಡಿಟ್ಟಿದ್ದು. ವಿಂಡೋಸ್ ಕಂಪ್ಯೂಟರ್‌ಗೆ ಚುಚ್ಚಿದ್ರೆ ಅದಕ್ಕೆ ಓದೋಕೆ ಬರಲ್ಲ. ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳುತ್ತೆ. ಹೂಂ ಅಂದ್ರೋ, ಐದು ಮದುವೇನೂ ಅಳಿಸಿಹೋದ ಹಾಗೆ."

ಶಾಂತಲಾ ಗಡಿಯಾರ ನೋಡಿದರು. ಕಳ್ಳ ಸಿಗುವುದು ತಡವಾದರೂ ನಡೆದೀತು, ಅವನ ಬೆರಳು ಆ ಗುಂಡಿಯ ಮೇಲೆ ಬೀಳುವುದರೊಳಗೆ ಡಿಸ್ಕ್ ಸಿಗಬೇಕಿತ್ತು. ತನ್ನ ಮನೆಯಲ್ಲಿ ಅದು ತೆರೆಯದಿದ್ದರೆ ಅವನು ರಿಪೇರಿ ಅಂಗಡಿಗೆ ಹೋಗಲೇಬೇಕು ಎಂದು ಲೆಕ್ಕ ಹಾಕಿದರು. ಹೆಬ್ಬಾಳ, ಯಲಹಂಕ, ಆರ್‌.ಟಿ. ನಗರದ ಕಂಪ್ಯೂಟರ್ ಅಂಗಡಿಗಳನ್ನೆಲ್ಲ ಸುತ್ತುವ ಕೆಲಸ ಹನುಮಯ್ಯನ ತಲೆಗೆ ಬಿತ್ತು.

ಬುಧವಾರ ಮಧ್ಯಾಹ್ನ 1.30ಕ್ಕೆ ಆರ್‌.ಟಿ. ನಗರದಿಂದ ಹನುಮಯ್ಯನ ಫೋನ್ ಬಂತು. ಶಾಂತಲಾ ಹೋದಾಗ ಅಂಗಡಿಯ ಜಹೀರ್ ನೋಟ್‌ಬುಕ್ ತೆರೆದು ಕಾಯುತ್ತಿದ್ದ.

"ನಿನ್ನೆ ಒಬ್ರು ವಯಸ್ಸಾದೋರು ಬಂದಿದ್ರು ಮೇಡಂ. ಫ್ಯಾಕ್ಟರಿ ಯೂನಿಫಾರ್ಮು, ಕೈಲಿ ಊಟದ ಡಬ್ಬಿ. ಈ ಡಿಸ್ಕು ನನ್ ಲ್ಯಾಪ್‌ಟಾಪಲ್ಲಿ ಕಾಣೋ ಹಂಗೆ ಮಾಡಿಕೊಡಿ ಅಂದ್ರು. ನನ್ನತ್ರ ಮ್ಯಾಕ್ ಇಲ್ಲ, ಸ್ನೇಹಿತಂದು ತರಿಸ್ತೀನಿ, ಬಿಟ್ಟೋಗಿ ಅಂದೆ. ಬಿಡಲ್ಲ ಅಂದ್ರು."

"ನೀವೇನು ಹೇಳಿದ್ರಿ?"

"ಅದು ಏನ್ ಕೇಳಿದ್ರೂ ಏನೂ ಒತ್ತಬೇಡಿ ಚಾಚಾ ಅಂದೆ. ಮ್ಯಾಕ್ ಬಂದಾಗ ಫೋನ್ ಮಾಡಿ ಅಂತ ನಂಬರ್ ಬರೆಸಿದ್ದಾರೆ."

ಶೇಖರಪ್ಪ, ಸಿಂಗಾಪುರ ಬಡಾವಣೆ. ಕದ್ದವನು ಹೆಸರು, ಊರು, ನಂಬರ್ ಎಲ್ಲ ಬರೆಸಿ ಹೋಗಿದ್ದ! ಹನುಮಯ್ಯನಿಗೂ ನಗು ಬರಲಿಲ್ಲ.

ಫೋನಿನಲ್ಲಿ ಆ ಹೆಸರು ಕೇಳಿದ ಕೂಡಲೇ ಯಶವಂತನಿಗೆ ಗುರುತು ಹತ್ತಿತು. "ಆ ಡಿಸ್ಕಲ್ಲಿ ಶಿವಾನಿ ಅಂತ ಒಬ್ರು ಮದುವೆ ಹುಡುಗಿ ಇದ್ದಾರೆ ಮೇಡಂ, ಅವರ ತಂದೆ. ಮೇ ತಿಂಗಳಲ್ಲಿ ಮದುವೆ, ಆಗಸ್ಟಲ್ಲಿ ಡೆಂಗ್ಯೂ ಬಂದು ಆ ಹುಡುಗಿ ತೀರ್ಕೊಂಡ್ಬಿಟ್ರು. ಗಂಡನ ಕಡೆಯವರು ವಿಡಿಯೋ ಅಳಿಸಿಬಿಡಿ ಅಂದಿದ್ದಾರೆ. ಹುಡುಗನಿಗೆ ಬೇರೆ ಸಂಬಂಧ ನಿಶ್ಚಯ ಆಗಿದೆಯಂತೆ. ಈ ಶೇಖರಪ್ಪ ವಿಡಿಯೋ ಕೊಡಿ ಅಂತ ಎರಡು ಸಲ ಬಂದು ಕೇಳಿದ್ರು. ಬುಕಿಂಗ್ ಗಂಡಿನ ಕಡೆದು, ಕೊಡಕ್ಕಾಗಲ್ಲ, ಅಳಿಸ್ತೀನಿ ಅಂದ್ಬಿಟ್ಟೆ."

ಸಂಜೆ 4.10ಕ್ಕೆ ಶಾಂತಲಾ ಪಂಚರೊಂದಿಗೆ ಸಿಂಗಾಪುರದ ಮನೆ ತಲುಪಿದರು. ಶೇಖರಪ್ಪ ರಾತ್ರಿ ಪಾಳಿಗೆ ಹೊರಡಲು ಯೂನಿಫಾರ್ಮ್ ತೊಡುತ್ತಿದ್ದ.

"ಕದ್ದೀನ್ರೀ. ಸುಳ್ಳ್ಯಾಕ ಹೇಳ್ಲಿ?"

"ಎಲ್ಲಿದೆ?"

ಒಳಕೋಣೆಯಲ್ಲಿ ಸ್ಟೂಲಿನ ಮೇಲೆ ಶಿವಾನಿಯ ಹಳೆಯ ಲ್ಯಾಪ್‌ಟಾಪ್ ತೆರೆದೇ ಇತ್ತು. ಕೀಲಿಗಳ ಮೇಲೆ ಯಾರ ಕೈಯೂ ತಾಗದಂತೆ ರೊಟ್ಟಿ ಬುಟ್ಟಿಯ ಮುಚ್ಚಳ ಮುಚ್ಚಿತ್ತು. ಎದುರಿಗೆ ಶೇಖರಪ್ಪನ ಹೆಂಡತಿ ಚಂದ್ರವ್ವ ಕೂತಿದ್ದಳು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಅದೇ ಪ್ರಶ್ನೆ, ಕೆಳಗೆ ಎರಡು ಗುಂಡಿ.

"ನಿನ್ನಿ ಸಂಜಿಯಿಂದ ಹಿಂಗ ಐತ್ರೀ," ಎಂದಳು ಚಂದ್ರವ್ವ. "ಯಾವುದು ಒತ್ತಿದ್ರ ಹೋಗ್ತಾಳಂತ ಗೊತ್ತಾಗ್ಲಿಲ್ರೀ. ಅದಕ್ಕ ಇಬ್ರೂ ಪಾಳಿ ಮ್ಯಾಲೆ ಕಾಯಕತ್ತೀವಿ."

"ಫೋಟೋ ಇರಬೇಕಲ್ಲ ಮನೇಲಿ?" ಶಾಂತಲಾರ ದನಿ ತಗ್ಗಿತ್ತು.

"ಫೋಟೋ ಅದಾವ್ರೀ," ಎಂದ ಶೇಖರಪ್ಪ. "ದನಿ ಇಲ್ರೀ. ಆಕಿ ಫೋನು ಬೀಗರ ಹತ್ರ ಐತಿ."

ಹದಿನಾರು ವರ್ಷದ ಸರ್ವಿಸ್‌ನಲ್ಲಿ ಶಾಂತಲಾ ಒಂದು ಗುಂಡಿ ಒತ್ತಲು ಹೀಗೆ ಹೆದರಿದ್ದಿಲ್ಲ. ಫೋನಿನಲ್ಲಿ ಯಶವಂತನನ್ನು ಎರಡೆರಡು ಸಲ ಕೇಳಿಕೊಂಡು, ಮುಚ್ಚಳ ಸರಿಸಿ, ಬಲಗಡೆಯ 'ಕ್ಯಾನ್ಸಲ್' ಒತ್ತಿದರು. ಪ್ರಶ್ನೆ ಮಾಯವಾಯಿತು. 4.50ಕ್ಕೆ ಡಿಸ್ಕ್ ವಶಪಡಿಸಿಕೊಂಡು ಪಂಚನಾಮೆ ಮುಗಿಸಿದರು. 5.05ಕ್ಕೆ ಶೇಖರಪ್ಪನ ದಸ್ತಗಿರಿಯಾಯಿತು.

"ಇನ್ನ ಇದನ್ನ ಆರಿಸಬಹುದೇನ್ರೀ?" ಲ್ಯಾಪ್‌ಟಾಪ್ ತೋರಿಸಿ ಕೇಳಿದಳು ಚಂದ್ರವ್ವ. ಶಾಂತಲಾ ಹೂಂ ಎಂದು ತಲೆಯಾಡಿಸಿದರು.

ಠಾಣೆಗೆ ಯಶವಂತ್ ತನ್ನ ಮ್ಯಾಕ್ ತಂದಿದ್ದ. ದೂರು ವಾಪಸ್ ತಗೋತೀನಿ ಎಂದ. ಅದನ್ನು ಕೋರ್ಟಿನಲ್ಲಿ ಹೇಳಿ ಎಂದರು ಶಾಂತಲಾ. ಆಮೇಲೆ, ಸ್ವತ್ತು ನಿಮ್ಮದೇ ಎಂದು ಖಾತ್ರಿಯಾಗಬೇಕಲ್ಲ, ಒಂದು ವಿಡಿಯೋ ತೆರೆಯಿರಿ ಎಂದರು. ಯಾವುದೆಂದು ಯಶವಂತ್ ಕೇಳಲಿಲ್ಲ. ಆರೋಪಿಯನ್ನು ಹೊರಗೆ ಕೂರಿಸಲು ಯಾರಿಗೂ ನೆನಪಾಗಲಿಲ್ಲ.

ಪರದೆಯಲ್ಲಿ ಬಾಸಿಂಗ ಕಟ್ಟಿಕೊಂಡ ಹುಡುಗಿ ನಗುತ್ತಾ ಇತ್ತ ತಿರುಗಿದಳು.

"ಅಪ್ಪಾ, ಇಲ್ನೋಡು! ರುಮಾಲು ಸೊಟ್ಟ ಆಗೈತಿ!"

ಬೆಂಚಿನ ಮೇಲೆ ಕೂತಿದ್ದ ಶೇಖರಪ್ಪನ ಎರಡೂ ಕೈ ತಾವಾಗಿಯೇ ಬೋಳು ತಲೆಯತ್ತ ಎದ್ದವು. ರುಮಾಲು ನೆಟ್ಟಗೆ ಮಾಡಿಕೊಳ್ಳಲು ತಡಕಾಡಿದವು. ಹನುಮಯ್ಯ ಎದ್ದು ಹೊರಗೆ ಹೋದ.

ಡಿಸ್ಕಿಗೆ ಸೀಲು ಬೀಳುವ ಮುಂಚೆ ಯಶವಂತ್ ಆ ಒಂದು ಮದುವೆಯನ್ನು ಮಾತ್ರ ವಿಂಡೋಸ್‌ನಲ್ಲೂ ತೆರೆಯುವಂತೆ ಒಂದು ಪೆನ್‌ಡ್ರೈವಿಗೆ ಇಳಿಸಿ, ಸಿಂಗಾಪುರದ ಕಡೆ ಹೊರಟ. ಶಾಂತಲಾ ಅವನನ್ನು ತಡೆಯಲಿಲ್ಲ. ಕೇಸ್ ಡೈರಿ ಎಳೆದುಕೊಂಡು, ಕೃತ್ಯದ ಉದ್ದೇಶ ಎಂಬಲ್ಲಿ ಬರೆದರು: ಮೃತ ಮಗಳ ಧ್ವನಿ ಕೇಳುವುದಕ್ಕಾಗಿ.