ಚನ್ನಿಗ ಬೆರಳು ಮಡಚಿದ್ದು

ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಗೂ ಹಲ್ಲು ಬರುವ ಮುಂಚೆ, ತೊನೆಗೆರೆ ಎಂಬ ರಾಜ್ಯದಲ್ಲಿ ಚನ್ನಿಗ ಎಂಬುವನಿದ್ದ. ಅವನ ಹೆಂಡತಿ ಹೊನ್ನಾಜಿ. ಇಬ್ಬರೂ ಸೇರಿ ಹಿತ್ತಲಲ್ಲಿ ಸೌತೆಬೀಜ ಊರಿ, ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸಿದ್ದರು. ಹುಳ ಬೀಳದಂತೆ ಒಲೆಯ ಬೂದಿ ಎರಚಿದ್ದೂ ಆಯಿತು, ಪಾತ್ರೆ ತೊಳೆದ ನೀರು ಹಾಕಿದ್ದೂ ಆಯಿತು. ಬರೀ ಗಂಡುಹೂವು ಅರಳಿ ಅರಳಿ ಉದುರಿ, ಕೊನೆಗೊಂದು ಬೆಳಿಗ್ಗೆ ಪುಟ್ಟ ಮಿಡಿ ಕಾಣಿಸಿತು.

“ಅಗೋ, ನೋಡೇ!” ಎಂದು ಚನ್ನಿಗ ಬೆರಳು ಚಾಚಿದ.

“ಅಯ್ಯೋ, ಬೆರಳು ಮಡಚ್ರೀ! ಮಿಡಿಗೆ ನೆಟ್ಟಗೆ ಬೆರಳು ಮಾಡಿದರೆ ಕೊಳೆತು ಉದುರುತ್ತೆ ಅಂತ ಎಷ್ಟು ಸಲ ಹೇಳಲಿ?” ಎಂದು ಹೊನ್ನಾಜಿ ಸಿಡುಕಿ, ಥಟ್ಟನೆ ಸೆರಗು ಅಡ್ಡ ಹಿಡಿದಳು. ಮಿಡಿ ಉಳಿಯಿತು.

ಮಧ್ಯಾಹ್ನ ಬೇಲಿಯಾಚೆ ಒಬ್ಬ ಮುದುಕ ಬಂದು ನಿಂತ. ಅವನು ಮುದುಕನೂ ಅಲ್ಲ ಗಿದುಕನೂ ಅಲ್ಲ, ಧೂಮಾಕ್ಷನೆಂಬ ಮಾಂತ್ರಿಕ. ಪಾಪ, ಚನ್ನಿಗನಿಗೇನು ಗೊತ್ತು?

“ಬಳ್ಳಿ ಕಾಯಿ ಕಚ್ಚಿದೆಯಂತಲ್ಲಪ್ಪಾ, ಎಲ್ಲಿ, ತೋರಿಸು?”

ಚನ್ನಿಗ ಹಿಗ್ಗಿ ಹೀರೇಕಾಯಿಯಾಗಿ ಬೆರಳು ನೆಟ್ಟಗೆ ಚಾಚಿಯೇಬಿಟ್ಟ. ಬೆರಳಿನ ನೇರಕ್ಕೆ ಹೊನ್ನಾಜಿ ಬಿಂದಿಗೆ ಹಿಡಿದು ನಿಂತಿದ್ದಳು.

“ನೆಟ್ಟಗೆ ತೋರಿಸಿದ್ದೆಲ್ಲ ನನ್ನದು!” ಎಂದು ಮಾಂತ್ರಿಕ ಚಪ್ಪಾಳೆ ತಟ್ಟಿದ. ಹೊನ್ನಾಜಿ ಮಾಯವಾದಳು. ಬಿಂದಿಗೆ ಉರುಳಿತು. ಚಪ್ಪರದ ತುಂಬ ಸೌತೆಕಾಯಿಗಳು ಜೋತಾಡತೊಡಗಿದವು.

“ನಾನು ಊರೂರಲ್ಲಿ ಹಿಡಿದವರೆಲ್ಲ ಈ ಕಾಯಿಗಳಲ್ಲೇ ಇದ್ದಾರೆ, ಅವರ ನಡುವೆ ನಿನ್ನ ಹೆಂಡತಿ. ಮೂರು ಸಲ ಮುಟ್ಟು. ಅವಳು ಸಿಕ್ಕರೆ ಎಲ್ಲರಿಗೂ ಬಿಡುಗಡೆ. ಇಲ್ಲವೋ, ಅವಳನ್ನು ಹೆಚ್ಚಿ ಕೋಸಂಬರಿ ಮಾಡಿಕೊಂಡು ತಿಂತೀನಿ!”

ಚನ್ನಿಗ ಚಪ್ಪರದಡಿಗೆ ಓಡಿದ. ಎಲ್ಲವೂ ಹಸಿರು, ಎಲ್ಲವೂ ಉದ್ದ. ಯಾವುದು ಹೆಂಡತಿ, ಯಾವುದು ಪರರು? ಮನೆಯಲ್ಲಿ ದೊಡ್ಡ ಗಂಟಲು ಅವಳದೇ ಅಲ್ಲವೇ ಎಂದು ಎಲ್ಲಕ್ಕಿಂತ ದೊಡ್ಡ ಕಾಯಿ ಮುಟ್ಟಿದ. ಅದರೊಳಗಿಂದ ಮೀಸೆಯ ನಗಾರಿಯವನೊಬ್ಬ ಧೊಪ್ಪನೆ ಬಿದ್ದು, “ನನ್ನ ಕೋಲು ಎಲ್ಲಿ?” ಎಂದು ಚನ್ನಿಗನನ್ನೇ ಕೇಳಿದ.

“ನನ್ನ ಹೆಂಡತಿ ಎಲ್ಲಿ?” ಎಂದ ಚನ್ನಿಗ.

ಎರಡನೆಯ ಸಲ, ಹೊನ್ನಾಜಿ ಚೆಲುವೆಯಲ್ಲವೇ ಎಂದು ನುಣ್ಣನೆಯ ತೆಳ್ಳನೆಯ ಕಾಯಿ ಮುಟ್ಟಿದ. ಅದರಿಂದ ಅರಮನೆಯ ಪಟ್ಟದಾನೆ ಹೊರಬಂತು. ಇಷ್ಟು ಸಣ್ಣ ಕಾಯಿಯಲ್ಲಿ ಇಷ್ಟು ದೊಡ್ಡ ಆನೆ! ಆನೆಯೋ ಆರಾಮಾಗಿ ಚಪ್ಪರಕ್ಕೆ ಸೊಂಡಿಲು ಹಾಕಿತು.

“ಮೇಯಬೇಡ ಮಾರಾಯಾ, ಅದರಲ್ಲಿ ನನ್ನ ಹೆಂಡತಿ ಇದ್ದಾಳೆ!” ಎಂದು ಅವನು ಅದರ ಕಾಲು ಹಿಡಿದ.

ಉಳಿದದ್ದು ಒಂದೇ ಸಲ. ಮಾಂತ್ರಿಕ ಈಳಿಗೆಮಣೆ ತಂದಿಟ್ಟುಕೊಂಡ. ಚನ್ನಿಗನಿಗೆ ಅಳು ಒತ್ತರಿಸಿ ಬಂತು. “ಇದೋ? ಅದೋ? ಅಯ್ಯೋ, ಎಲ್ಲಿದ್ದೀಯೇ?” ಎನ್ನುತ್ತ ಕಂಡಕಂಡ ಕಾಯಿಗೆಲ್ಲ ಬೆರಳು ಚಾಚಿದ. ಯಾವುದೂ ಅಲುಗಲಿಲ್ಲ. ಆದರೆ ಮೂಲೆಯ ಸೊಟ್ಟ ಕಾಯಿಯೊಂದು ಬೆರಳು ಕಂಡದ್ದೇ ತಡ, ಸರಕ್ಕನೆ ಸರಿದು ಎಲೆಯನ್ನು ಮೈಮೇಲೆ ಎಳೆದುಕೊಂಡಿತು.

ಚನ್ನಿಗ ಕಣ್ಣು ಪಿಳಿಪಿಳಿ ಬಿಟ್ಟ. ಅವನ ಬೆರಳಿಗೆ ಹೀಗೆ ಹೆದರುವ ಜೀವ ಲೋಕದಲ್ಲಿ ಇನ್ನಾವುದಿದೆ? ಬೆರಳು ಮಡಚಿದ. ಮಡಚಿದ ಗೆಣ್ಣಿನಿಂದ ಮೆಲ್ಲಗೆ ಮುಟ್ಟಿದ.

“ಬೆರಳು ಮಡಚೋಕೆ ಇಷ್ಟು ಹೊತ್ತು ಬೇಕಾಯ್ತೇನ್ರೀ?” ಎನ್ನುತ್ತ ಹೊನ್ನಾಜಿ ಎದುರು ನಿಂತಳು. ಚನ್ನಿಗ ಅವಳ ಕೈ ಹಿಡಿದು ಅತ್ತೇಬಿಟ್ಟ.

ಕಾಯಿಗಳೆಲ್ಲ ಒಡೆದು ಮಂದಿ ದಬದಬ ಇಳಿದರು. ಮಾಂತ್ರಿಕ ಹೆದರಿ ತಾನೇ ಮಿಡಿಯಾಗಿ ಬಳ್ಳಿ ಸೇರಿಕೊಂಡ. ಈಗ ಚಪ್ಪರದಲ್ಲಿ ಎರಡು ಮಿಡಿ! ಚನ್ನಿಗನಿಗೆ ಮತ್ತೆ ಕಕ್ಕಾಬಿಕ್ಕಿ. ಹೊನ್ನಾಜಿಗೆ ತನ್ನ ಮಿಡಿ ಗೊತ್ತಿರಲಿಲ್ಲವೇ? ಅದಕ್ಕೆ ಸೆರಗು ಮುಚ್ಚಿ, “ಇನ್ನೊಂದಕ್ಕೆ ಈಗ ಚಾಚ್ರೀ ಬೆರಳು, ಎಷ್ಟು ಬೇಕಾದರೂ ಚಾಚ್ರೀ!” ಎಂದಳು.

ಚನ್ನಿಗ ಹತ್ತೂ ಬೆರಳು ಚಾಚಿದ. ಮಿಡಿ ಹಳದಿಯಾಗಿ, ಮುದುಡಿ, ಕೊಳೆತು ಪಿಚಕ್ಕನೆ ಬಿತ್ತು. ಧೂಮಾಕ್ಷನ ಕತೆ ಅಲ್ಲಿಗೆ ಮುಗಿಯಿತು.

ಬಂದವರೆಲ್ಲ ತಂತಮ್ಮ ಮನೆ ಸೇರಿ ಸುಖವಾಗಿದ್ದರು. ಉಳಿದ ಮಿಡಿ ಬಲಿತು ಒಳ್ಳೇ ಕಾಯಾಯಿತು. ಹೊನ್ನಾಜಿ ಈಳಿಗೆಮಣೆ ಮುಂದೆ ಕೂತಾಗ ಚನ್ನಿಗ ಓಡಿಬಂದು, ಮಡಚಿದ ಬೆರಳಿನಿಂದ ಕಾಯಿಯನ್ನು ಟಕಟಕ ತಟ್ಟಿ ಕೇಳಿದ: “ಒಳಗೆ ಯಾರಾದರೂ ಇದ್ದೀರೇನಪ್ಪಾ?”