ಟಾಪ್ ಕೊಯ್ದ ಕಾಂಟೆಸ್ಸಾ

"ಆ ಗಾಡಿಗಿ ಬೇಕಾದ ಬಣ್ಣ ಹಚ್ಚಸ್ರಿ, ಗಾಲಿ ಬದಲಿ ಮಾಡ್ರಿ. ಟಾಪ್ ಮಾತ್ರ ಕೊಯ್ಸಬ್ಯಾಡ್ರಿ ನಮ್ಮವ್ವಾ."

ಇಷ್ಟು ಹೇಳಿ ಸೂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಮಲಾಪುರದ ಮನೆಯ ಮಗ್ಗುಲಿಗೆ ಒಂದು ತಗಡಿನ ಶೆಡ್ಡು. ಅದರ ಬಾಗಿಲಲ್ಲಿ ಅತ್ತೆ ಸೊಸೆ ನಿಂತಿದ್ದರು. ಹೊರಗೆ ಬೇಸಿಗೆಯ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಒಳಗೆ ಮಾತ್ರ ಕತ್ತಲು ಗಟ್ಟಿಯಾಗಿ ಕೂತಿತ್ತು. ಹಳೆಯ ಪೆಟ್ರೋಲಿನ, ಇಲಿಯ ಹಿಕ್ಕೆಯ, ಕಾದ ರೆಕ್ಸಿನ್ನಿನ ವಾಸನೆ. ಆ ಕತ್ತಲ ನಡುವೆ ತಾಡಪತ್ರಿ ಹೊದ್ದು ಎಂಬತ್ತರ ದಶಕದ ಕಾಂಟೆಸ್ಸಾ ಕಾರು ಮಲಗಿತ್ತು. ಉದ್ದ ಮೂತಿ, ಅಗಲ ಭುಜ, ಒಮ್ಮೆ ಗುಡುಗಿದರೆ ಓಣಿಯ ನಾಯಿಗಳೆಲ್ಲ ದಾರಿ ಬಿಡುತ್ತಿದ್ದಂಥ ಎಂಜಿನ್ನು.

"ಯಾಕ್ರಿ ಅತ್ತಿ? ಟಾಪ್ ಕೊಯ್ದ್ರ ಏನಾಗ್ತದ?"

"ಅದರಾಗ ಅಂಜನಾ ಅದಾಳ."

ಸೊಸೆ ಮಲ್ಲಿಕಾ ಗಟ್ಟಿಯಾಗಿ ನಕ್ಕಳು. "ಟಿಕೀಟ್ ತಗದಾಳೇನ್ರಿ?"

ಸೂಗಮ್ಮ ನಗಲಿಲ್ಲ. ಶೆಡ್ಡಿನ ಕಡೆ ನೋಡದೆ, ತಗ್ಗಿದ ದನಿಯಲ್ಲಿ ಹೇಳಿದಳು. ಅಂಜನಾ ತನ್ನ ಮಗ ಮಹಾದೇವನ ಮೊದಲ ಹೆಂಡತಿ. ಡೆಂಗ್ಯೂ ಜ್ವರ ತಲೆಗೇರಿದಾಗ ಇದೇ ಗಾಡಿಯ ಎಡಗಡೆ ಸೀಟಿನಲ್ಲಿ ಕೂರಿಸಿಕೊಂಡು ಮಹಾದೇವ ಕಲಬುರಗಿಯ ಆಸ್ಪತ್ರೆಗೆ ಹೊರಟಿದ್ದ. ಮಹಾಗಾಂವ ಕ್ರಾಸ್ ದಾಟುವ ಮೊದಲೇ ಉಸಿರು ನಿಂತಿತು. ನಿಲ್ಲುವ ಮುಂಚೆ ಗಂಡನ ಅಂಗಿಯ ತೋಳು ಹಿಡಿದು, "ನಿಮ್ಮ ಬಾಜೂಕ ಯಾರ್ ಕುಂತ್ರೂ ನಾ ಎಬ್ಬಿಸ್ತೀನಿ" ಅಂದಳಂತೆ. ಮಣ್ಣು ಮಾಡಿ ಬಂದ ಮೇಲೆ ಮಹಾದೇವ ಉಣ್ಣುವುದನ್ನು ಬಿಟ್ಟ, ಖಾಲಿ ಕುರ್ಚಿಯ ಜೊತೆ ಮಾತಿಗಿಳಿದ. ಆಗ ಸೂಗಮ್ಮನೇ ಮರೆಪ್ಪನೆಂಬ ಮಂತ್ರಗಾರನನ್ನು ಕರೆಸಿದಳು. ಅವನು ಅಂಜನಾಳನ್ನು ಮನೆಯಿಂದ ಎಬ್ಬಿಸಿ ಈ ಗಾಡಿಯೊಳಗೆ ಕಟ್ಟು ಹಾಕಿದ.

"ಟಾಪೇ ಮುಚ್ಚಳ ಅಂದಾನ. ತಗದ್ರ ನನ್ನ ಕೈಲೆ ಆಗಂಗಿಲ್ಲ ಅಂದಾನ."

"ನಾ ಫಾರ್ಮಸಿ ಕಾಲೇಜಿನ್ಯಾಗ ಪಾಠಾ ಹೇಳ್ತೀನ್ರಿ ಅತ್ತಿ. ಜ್ವರದಾಗ ಸತ್ತೋರು ತಗಡಿನ್ಯಾಗ ಉಳಿಯಂಗಿಲ್ಲ," ಅಂದು ಮಲ್ಲಿಕಾ ತಾಡಪತ್ರಿಯನ್ನು ಎಳೆದು ಕೆಳಗೆ ಹಾಕಿದಳು.

ನಗು ಬಾಯಲ್ಲಿತ್ತು, ಹೊಟ್ಟೆಯಲ್ಲಿ ಕಿಚ್ಚಿತ್ತು. ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯಲ್ಲಿ ಬೆಳೆದವಳು, ತಡವಾಗಿ ಮದುವೆಯಾದವಳು, ಈ ಮನೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮಹಾದೇವ ಕೆಟ್ಟವನಲ್ಲ. ದನಿ ಏರಿಸುತ್ತಿರಲಿಲ್ಲ, ಕೇಳಿದ್ದನ್ನು ತಂದುಕೊಡುತ್ತಿದ್ದ. ಆದರೆ ದಿನಾ ಬೆಳಗ್ಗೆ ಎದ್ದವನು ಹೆಂಡತಿಯ ಮುಖ ನೋಡುವ ಮೊದಲು ಶೆಡ್ಡಿಗೆ ಹೋಗಿ ಆ ಗಾಡಿಯ ಗಾಜು ಒರೆಸುತ್ತಿದ್ದ. ಒಮ್ಮೆ ಅವಳು ಎಡಗಡೆ ಸೀಟಿನಲ್ಲಿ ಕೂರಲು ಹೋದಾಗ, "ಹಿಂದ್ ಕೂಡು ಮಲ್ಲಿ, ಆ ಸೀಟು ಸರಿ ಇಲ್ಲ," ಅಂದಿದ್ದ. ಸೀಟು ಸರಿಯಾಗಿಯೇ ಇತ್ತು. ಬದುಕಿದ್ದವಳಾದರೆ ಎದುರು ನಿಂತು ಜಗಳ ಆಡಬಹುದು. ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಡುವವಳು ಯಾರ ಜುಟ್ಟು ಹಿಡಿಯಬೇಕು?

ಅದಕ್ಕೇ ಅವಳು ಉಪಾಯ ಹೂಡಿದ್ದು. ಮದುವೆ ಮೆರವಣಿಗೆಗೆ ಜನ ತೆರೆದ ಗಾಡಿಗಳನ್ನು ಸೊಲ್ಲಾಪುರ, ಹೈದರಾಬಾದಿನಿಂದ ತರಿಸುತ್ತಾರೆ. ಮಹಾದೇವನದು ಕಪನೂರಿನಲ್ಲಿ ಗ್ಯಾರೇಜು, ಕೈಯಲ್ಲಿ ಕಸುಬಿದೆ. ಈ ಕಾಂಟೆಸ್ಸಾದ ಟಾಪ್ ಕೊಯ್ದು ಮಡಚುವ ಕ್ಯಾನ್ವಾಸ್ ಹಾಕಿದರೆ ಕಲಬುರಗಿಯಲ್ಲೇ ಅಂಥದ್ದು ಇನ್ನೊಂದಿರುವುದಿಲ್ಲ. ಹೀಗೆಂದು ಅವಳು ಮಹಾದೇವನ ಮುಂದೆ ಹೇಳಿದಳು. ಕೇಳುತ್ತ ಕೇಳುತ್ತ ಅವನ ಕಣ್ಣಲ್ಲಿ ಏನೋ ಹೊತ್ತಿಕೊಂಡಿತು.

"ತಗಸೋಣೇನು? ಖರೇನ?"

ಆ ಬೆಳಕನ್ನು ತಾನೇ ಹಚ್ಚಿದೆನೆಂದು ಮಲ್ಲಿಕಾ ಹಿಗ್ಗಿದಳು. ಟಾಪ್ ಹೋದರೆ ಹಳೆಯ ಸೀಟೂ ಹೋಗುತ್ತದೆ, ಸೀಟಿನ ಜೊತೆ ಅಂಜನಾಳ ಗುರುತೂ ಹೋಗುತ್ತದೆ. ಅತ್ತೆಯ ಮಾತು ಕಿವಿಗೆ ಬೀಳುವ ಸ್ಥಿತಿಯಲ್ಲಿ ಅವಳಿರಲಿಲ್ಲ.

ಕೊಯ್ಯುವ ದಿನ ಅವಳು ಕಾಲೇಜು ಮುಗಿಸಿ ಆಟೋ ಹಿಡಿದು ಕಪನೂರಿಗೆ ಬಂದಳು. ಕ್ಯಾನ್ವಾಸ್ ತರಲು ಮಹಾದೇವ ರೋಜಾ ಬಡಾವಣೆಯ ಕಡೆ ಹೋಗಿದ್ದ. ಗ್ಯಾರೇಜು ಶುರುವಾದಾಗಿನಿಂದ ಜೊತೆಗಿದ್ದ ವೆಲ್ಡರ್ ಇಮಾಮುದ್ದೀನ್ ಕೆಲಸ ಹಿಡಿದಿದ್ದ. ಟಾಪ್ ತೆಗೆದರೆ ಇಂಥ ಗಾಡಿಯ ನಡು ಬಗ್ಗಿ ಬಾಗಿಲು ಕೂಡುವುದಿಲ್ಲವೆಂದು ಬಾಗಿಲ ಬಾಯಿಗೆ ಅಡ್ಡ ಪೈಪು ಬೆಸೆದು, ಅಡಿಗೆ ಕಬ್ಬಿಣದ ಪಟ್ಟಿ ಕೂಡಿಸಿದ್ದ. ಕೊಯ್ಯುವ ಮೊದಲು ಟಾಪಿನ ಒಳಮೈಗೆ ಹೊಲಿದ ಬಟ್ಟೆ ಹರಿಯುವುದಷ್ಟೇ ಬಾಕಿ.

"ತಡೀರಿ, ನಾನೇ ಹರೀತೀನಿ," ಅಂದಳು ಮಲ್ಲಿಕಾ.

ಎಡಗಡೆ ಸೀಟಿನ ನೆತ್ತಿಗಿದ್ದ ಆ ಬಟ್ಟೆಗೆ ಉಗುರು ಹಾಕಿ ಎಳೆದಳು. ಹಳೆಯ ಹೊಲಿಗೆ ಪರ್‍ರನೆ ಬಿಚ್ಚಿತು. ಧೂಳಿನ ಜೊತೆ ಕಪ್ಪು ಬಟ್ಟೆಯ ಒಂದು ಗಂಟು ಅವಳ ಕಾಲ ಬಳಿ ಬಿತ್ತು.

ಇಮಾಮುದ್ದೀನ್ ಹಿಂದೆ ಸರಿದ. "ಮುಟ್ಟಬ್ಯಾಡ್ರಿ ಭಾಭಿ! ಮಾಟದ್ದು ಅದು."

ಮುಟ್ಟಬೇಡ ಅಂದದ್ದಕ್ಕೇ ಮುಟ್ಟಿದಳು. ಬಿಚ್ಚಿದಳು. ತುಕ್ಕು ಹಿಡಿದ ಮೊಳೆಗಳು, ಒಣಗಿ ಕರ್ರಗಾದ ಲಿಂಬೆಹಣ್ಣು, ಅದರ ಸುತ್ತ ಸುತ್ತಿದ ಹೆಣ್ಣು ಕೂದಲು. ಕೂದಲನ್ನು ಎಳೆದಷ್ಟೂ ಬಂತು. ತನ್ನ ಕೂದಲಿಗಿಂತ ಉದ್ದವಾಗಿದೆ ಎನ್ನುವುದೊಂದೇ ಅವಳ ಕಣ್ಣಿಗೆ ಬಿದ್ದದ್ದು. ಎದ್ದು ಹೋಗಿ, ಅಂಗಳದಲ್ಲಿ ಎಣ್ಣೆ ಬಟ್ಟೆ ಸುಡುತ್ತಿದ್ದ ಡ್ರಮ್ಮಿನೊಳಗೆ ಎಲ್ಲವನ್ನೂ ಸುರಿದಳು. ಕೂದಲು ಚಟಪಟ ಉರಿಯಿತು. ಆ ಹೊಗೆಯಿಂದ ಕೂದಲು ಸುಟ್ಟ ವಾಸನೆ ಬರಲಿಲ್ಲ. ಬಾಡಿದ ಶಾವಂತಿಗೆ ಹೂವಿನ ವಾಸನೆ. ಅದರ ಜೊತೆ ಜ್ವರಕ್ಕೆ ಹಚ್ಚುವ ಮುಲಾಮಿನ ಘಾಟು.

ಗ್ರೈಂಡರ್ ಕೂಗಿತು. ಕಿಡಿ ಹಾರಿದವು. ಟಾಪನ್ನು ಗ್ಯಾರೇಜಿನ ಆಳುಗಳು ಹೊತ್ತು ಇಳಿಸಿದಾಗ ಎಷ್ಟೋ ವರ್ಷಗಳಿಂದ ಬಿಸಿಲು ಕಾಣದ ಸೀಟುಗಳ ಮೇಲೆ ಸಂಜೆಯ ಬಿಸಿಲು ಬಿತ್ತು. ಎಡಗಡೆಯ ಮೆತ್ತೆ, ಯಾರೋ ಬಹಳ ಹೊತ್ತು ಕೂತವರು ಎದ್ದ ಹಾಗೆ, ಮೆಲ್ಲಗೆ ಉಬ್ಬಿ ಮೇಲೆ ಬಂತು.

ಇಮಾಮುದ್ದೀನ್ ಗ್ರೈಂಡರ್ ಕೆಳಗಿಟ್ಟ. "ಅಂಜನಾ ಭಾಭಿಗಿ ಇದೇ ಆಸೆ ಇತ್ತು. ಟಾಪ್ ತಗದ ಗಾಡ್ಯಾಗ ಸಾಹೇಬ್ರ ಬಾಜೂಕ ಕುಂತು ಹೋಗ್ಬೇಕಂತಿದ್ರು. ಸಾಹೇಬ್ರು ಮಾಡಿ ಕೊಡ್ತೀನಂದಿದ್ರು. ಮಾಡೂದ್ರೊಳಗೇ ಭಾಭಿ ಹೋದ್ರು." ಕೆಳಗಿಳಿಸಿದ ಟಾಪಿನ ಕಡೆ ಕೈ ತೋರಿಸಿ ಅಂದ: "ನಿಮ್ಮ ಕೈಲೆ ಆತು ನೋಡ್ರಿ."

ಮಲ್ಲಿಕಾ ಉಬ್ಬಿದ ಮೆತ್ತೆಯನ್ನೇ ನೋಡಿದಳು. ಮಹಾದೇವನ ಕಣ್ಣಲ್ಲಿ ಹೊತ್ತಿದ ಬೆಳಕು ಯಾರದೆಂದು ಅವಳಿಗೆ ಆ ಹೊತ್ತಿನಲ್ಲಿ ತಿಳಿಯಿತು.

ಅಂದಿನಿಂದ ಮಹಾದೇವ ಬೇರೆಯೇ ಮನುಷ್ಯನಾದ. ಗುನುಗುತ್ತ ಏಳುತ್ತಿದ್ದ. ಗಾಡಿಗೆ ಕಮಲಾಪುರದ ಕೆಂಪು ಬಾಳೆಯ ಬಣ್ಣ ಹೊಡೆಸಿದ, ಸೀಟುಗಳಿಗೆ ಹೊಸ ರೆಕ್ಸಿನ್ ಹಾಕಿಸಿದ. ಹೊಸ ಹೊದಿಕೆ ಬಿದ್ದ ದಿನವೇ ಎಡಗಡೆ ಸೀಟಿನಲ್ಲಿ ಮಾತ್ರ, ಯಾರೋ ಕೂತ ಹಾಗೆ, ಕುಳಿ ಬಿತ್ತು. ದಿನಾ ಸಂಜೆ ಶಾವಂತಿಗೆ ಹೂವು ತರತೊಡಗಿದ. ಮಲ್ಲಿಕಾ ಶಾವಂತಿಗೆ ಮುಡಿಯುವವಳಲ್ಲ.

"ಯಾರಿಗಿ ತಂದೀರಿ ಇದು?"

"ನೀನೇ ತರಾಕ ಹೇಳಿದಿಯಲ್ಲ," ಅಂದು ಅವನು ನಕ್ಕ. ಆ ನಗು ಅವಳ ಹೆಗಲ ಮೇಲಿಂದ ಹಾದು, ಅವಳ ಹಿಂದೆ ನಿಂತ ಯಾರಿಗೋ ಹೋಯಿತು.

ಮಲ್ಲಿಕಾ ತಿರುಗಿ ನೋಡಲಿಲ್ಲ. ಹೆದರಿಕೆ ಇತ್ತು. ಅದಕ್ಕಿಂತ ಹೆಚ್ಚಾಗಿ, ಆ ನಗು ತನಗೆ ಒಮ್ಮೆಯೂ ಸಿಕ್ಕಿರಲಿಲ್ಲವಲ್ಲ ಎಂಬ ಉರಿ ಇತ್ತು. ಟಾಪ್ ತೆಗೆದ ಗಾಡಿ ಮೊದಲ ಸಲ ರಸ್ತೆಗಿಳಿಯುವ ದಿನ ಎಡಗಡೆ ಸೀಟಿನಲ್ಲಿ ತಾನೇ ಕೂರಬೇಕು. ಕೂತೇ ತೋರಿಸಬೇಕು.

ಆ ದಿನ ಹೊತ್ತು ಇಳಿಯುವಾಗ ಅವಳು ಕಪನೂರಿಗೆ ಹೋದಳು. ಗಾಡಿ ಗ್ಯಾರೇಜಿನ ಮುಂದೆ ಗುಡುಗುತ್ತ ನಿಂತಿತ್ತು. ಇಮಾಮುದ್ದೀನ್ ಅಂದು ಬಂದಿರಲಿಲ್ಲ. ಮಲ್ಲಿಕಾ ಎಡಗಡೆ ಬಾಗಿಲು ತೆಗೆದಳು. ಮಹಾದೇವ ಖಾಲಿ ಸೀಟಿನ ಕಡೆ ಬಾಗಿ ಏನನ್ನೋ ಕೇಳಿಸಿಕೊಂಡ.

"ಕೂಡ್ಲಿ ಬಿಡ್ರಿ ಅಂತಾಳ," ಅಂದ.

ಯಾರು ಎಂದು ಅವಳು ಕೇಳಲಿಲ್ಲ. ಕೇಳಿದರೆ ಸೋತಂತೆ. ಕೂತಳು.

ಊರು ಹಿಂದೆ ಬಿತ್ತು. ರಸ್ತೆಯ ಎರಡೂ ಕಡೆ ತೊಗರಿ ಕೊಯ್ದ ಕರಿಮಣ್ಣಿನ ಹೊಲಗಳು. ಪಡುವಣ ದಿಕ್ಕಿನಲ್ಲಿ ಧೂಳಿನ ಗೋಡೆಯೊಂದು ಎದ್ದು ಸೂರ್ಯನನ್ನು ನುಂಗಿತು. ಬಿರುಗಾಳಿ. ಆಕಾಶ ಕಂದಿತು. ಮರಳು ಹಲ್ಲಿಗೆ ಸಿಕ್ಕಿತು. ಇಷ್ಟು ಗಾಳಿಯಲ್ಲೂ ಶಾವಂತಿಗೆಯ ವಾಸನೆ ಚೂರೂ ಕದಲಲಿಲ್ಲ.

ಆಗ ಸೀಟು ಅವಳ ಅಡಿಗೆ ಅಲುಗಾಡಿತು.

ಅದು ರೆಕ್ಸಿನ್ ಆಗಿರಲಿಲ್ಲ. ಅವಳು ಕೂತದ್ದು ಎರಡು ತೊಡೆಗಳ ಮೇಲೆ. ತಣ್ಣನೆಯ ತೊಡೆಗಳು. ಬೆನ್ನಿಗೆ ಒರಗಿದ್ದು ಒಂದು ಎದೆ. ಆ ಎದೆ ಉಸಿರಾಡುತ್ತಿರಲಿಲ್ಲ. ಏಳಲು ಹೋದಳು. ಎರಡು ಕೈಗಳು ಹಿಂದಿನಿಂದ ಬಂದು ಅವಳ ನಡು ಬಳಸಿ ಬೆರಳಿಗೆ ಬೆರಳು ಹೆಣೆದವು. ಕೂಗಲು ಬಾಯಿ ತೆರೆದಳು. ಉದ್ದನೆಯ ಒದ್ದೆ ಕೂದಲು ಮುಖದ ಮೇಲೆ ಹರಿದು ಬಾಯೊಳಗೆ ಇಳಿಯಿತು.

"ಆರಾಮ ಕುಂತಿದಿಲ್ಲ?" ಮಹಾದೇವ ಕೇಳಿದ.

"ಹ್ಞೂಂ ರೀ," ಅಂದಿತು ದನಿ.

ಅವಳ ಬಾಯಿಂದಲೇ ಬಂತು. ಅವಳ ನಾಲಿಗೆ, ಅವಳ ತುಟಿ. ದನಿ ಬೇರೆ.

ಮಹಾದೇವ ತಿರುಗಿ ಅವಳನ್ನು ನೋಡಿದ. ಮಲ್ಲಿಕಾ ಒದ್ದಾಡುವುದನ್ನು ಬಿಟ್ಟಳು. ಗಂಡ ತನ್ನನ್ನು ಹೀಗೆ ಒಂದು ದಿನವೂ ನೋಡಿರಲಿಲ್ಲ. ಕಣ್ಣು ತುಂಬ, ಬಾಯಿ ತುಂಬ ನಗುತ್ತ, ಬೇರೆ ಏನೂ ಬೇಡವೆಂಬಂತೆ.

ಕಿವಿಯ ಹಿಂದೆ, ಅವಳಿಗೆ ಮಾತ್ರ ಕೇಳುವಷ್ಟು ಸಣ್ಣಗೆ, ಅಂಜನಾ ಕೇಳಿದಳು: "ಇಳೀತಿಯೋ? ಇಲ್ಲಾ ನಾನಾಗಿ ಇರ್ತಿಯೋ?"

ಒಂದು ಕ್ಷಣ, ದೇವರಾಣೆಗೂ ಒಂದು ಕ್ಷಣ, ಮಲ್ಲಿಕಾಳಿಗೆ ಇರಬೇಕೆನಿಸಿತು. ಅವನು ಇನ್ನೂ ನೋಡುತ್ತಲೇ ಇದ್ದ. ಅಷ್ಟರಲ್ಲಿ ಅವಳ ಹೆಸರು ಅವಳಿಗೇ ಮರೆಯತೊಡಗಿತು. ಮ ಎಂಬ ಅಕ್ಷರ ಉಳಿಯಿತು. ಮುಂದಿನದು ಬರಲಿಲ್ಲ. ಮಹಾಗಾಂವ ಕ್ರಾಸ್. ರಸ್ತೆಯ ಮೇಲೆ ಕುರಿಗಳ ಹಿಂಡು. ಬ್ರೇಕು. ಗಾಡಿ ನಿಧಾನವಾಯಿತು. ನಡು ಬಳಸಿದ್ದ ಕೈಗಳು ಸಡಿಲಾದವು. ಅವಳು ಬಾಗಿಲಿನ ಮೇಲಿಂದ ದೇಹವನ್ನು ಹೊರಕ್ಕೆ ಎಸೆದಳು. ಡಾಂಬರು. ಮೊಣಕೈ ಮುರಿದ ಸದ್ದು. ಕುರಿಗಳ ಕೂಗು. ಧೂಳು.

ಕೆಂಪು ಗಾಡಿ ಹಿಂಡನ್ನು ಸೀಳಿಕೊಂಡು ಮುಂದೆ ಹೋಯಿತು. ಮಹಾದೇವ ಹಿಂತಿರುಗಿ ನೋಡಲಿಲ್ಲ. ಎಡಕ್ಕೆ ವಾಲಿ ಯಾರಿಗೋ ಏನೋ ಹೇಳಿ ನಗುತ್ತಿದ್ದ.

ಮಲ್ಲಿಕಾ ತವರಿಗೆ ಬಂದಳು. ಐವಾನ್-ಎ-ಶಾಹಿಯ ಮನೆಯಲ್ಲಿ ಕೈಗೆ ಪ್ಲಾಸ್ಟರು ಹಾಕಿಸಿಕೊಂಡು ಮಲಗಿದಳು. ಮಹಾದೇವನ ಫೋನು ಬರಲಿಲ್ಲ. ಬಂದವಳು ಸೂಗಮ್ಮ, ಒಂದು ಚಿಪ್ಪು ಕೆಂಪು ಬಾಳೆಹಣ್ಣು ಹಿಡಿದುಕೊಂಡು.

"ಮರೆಪ್ಪನ್ನ ಮತ್ತ ಕರಿಸಿದ್ದೆ. ಗಾಡಿ ನೋಡಿದೇಟಿಗಿ ಹೊಳ್ಳಿ ಹೋದ. ಇನ್ನ ಕಟ್ಟಾಕ ಬರಂಗಿಲ್ಲ ಅಂದ." ಸೊಸೆಯ ತಲೆ ಸವರಿದಳು. "ನೀ ಬದುಕಿ ಬಂದಿ. ಮತ್ತ ಆ ಕಡೆ ಬರಬ್ಯಾಡ. ನನ್ನ ಮಗ ಹೋದ ಅಂತ ನಾ ತಿಳಕೋತೀನಿ."

ಮಲ್ಲಿಕಾ ಗೋಡೆ ನೋಡುತ್ತ ಕೇಳಿದಳು. "ಊಟ ಮಾಡ್ತಾರೇನ್ರಿ?"

"ಎರಡು ತಾಟು ಹಚ್ಚಸ್ತಾನ. ಒಂದರಾಗ ಉಣ್ತಾನ. ಸಣ್ಣಾಗ್ಯಾನ, ಎಲುಬು ಕಾಣ್ತಾವ."

"ನಗ್ತಾರೇನ್ರಿ?"

ಸೂಗಮ್ಮ ಬಾಳೆಹಣ್ಣಿನ ಚಿಪ್ಪನ್ನು ಮಂಚದ ಮೇಲಿಟ್ಟಳು. ಸುಳ್ಳು ಹೇಳಿದ್ದರೆ ಆಗುತ್ತಿತ್ತು.

"ನಗ್ತಾನ. ಹೆತ್ತಾಕಿ ನಾ, ಇಷ್ಟು ನಕ್ಕಿದ್ದು ನಾನೂ ನೋಡಿಲ್ಲ."

ಪ್ಲಾಸ್ಟರು ಬಿಚ್ಚಿದ ಮೇಲೆ ಮಲ್ಲಿಕಾ ಕಾಲೇಜಿಗೆ ಹೋದಳು. ಪಾಠ ಹೇಳಿದಳು. ಮೂಳೆ ಕೂಡಿತ್ತು, ಹೆದರಿಕೆಯೂ ದಿನದಿಂದ ದಿನಕ್ಕೆ ಕರಗುತ್ತಿತ್ತು. ಕರಗದೆ ಉಳಿದದ್ದು ಒಂದೇ: ಅವನು ನೋಡಿದ ನೋಟ. ಅದು ಈಗ ಖಾಲಿ ಸೀಟಿಗೆ ಹೋಗುತ್ತಿದೆ. ದಿನಾ ಹೋಗುತ್ತಿದೆ. ಅನ್ನ ಬಾಯಿಗೆ ಹೋಗಲಿಲ್ಲ. ಕರಿ ಹಲಗೆಯ ಮೇಲೆ ಬರೆಯುತ್ತ ಬರೆಯುತ್ತ ಕೈ ನಿಲ್ಲುತ್ತಿತ್ತು. ಈಗ ಅಂಜನಾ ಅವನ ಪಕ್ಕ ಕೂತಿರುತ್ತಾಳೆ. ಈಗ ಅವಳ ಮಾತಿಗೆ ಅವನು ನಗುತ್ತಿರುತ್ತಾನೆ.

ಒಂದು ಮಧ್ಯಾಹ್ನ ತಾಯಿಗೆ ಕಾಲೇಜಿಗೆ ಹೋಗುತ್ತೇನೆಂದು ಹೇಳಿ ಹೊರಟವಳು ಕಪನೂರಿನ ಆಟೋ ಹತ್ತಿದಳು.

ಗ್ಯಾರೇಜಿಗೆ ಬೀಗ ಬಿದ್ದಿತ್ತು. ಅದರ ಮುಂದೆ, ಸುಡುವ ಬಿಸಿಲಲ್ಲಿ, ಕೆಂಪು ಗಾಡಿ ಗುಡುಗುತ್ತ ನಿಂತಿತ್ತು. ಸ್ಟೇರಿಂಗಿನ ಮೇಲೆ ಎರಡು ಕೈ. ಕೈಯಲ್ಲ, ಚರ್ಮ ಹೊದ್ದ ಎಲುಬು. ಮಹಾದೇವ ಅವಳನ್ನು ನೋಡಿದ. ದಾರಿಹೋಕಳನ್ನು ನೋಡಿದ ಹಾಗೆ ನೋಡಿ ಮುಖ ತಿರುಗಿಸಿದ. ಮಲ್ಲಿಕಾ ಒಳಗೊಳಗೇ ಸತ್ತದ್ದು ಆಗ. ಉಳಿದದ್ದು ಬರಿಯ ನಡಿಗೆ.

ಸುತ್ತು ಹಾಕಿ ಎಡಗಡೆಗೆ ಬಂದಳು. ಒಳಗೆ ಕೂತಳು. ತಣ್ಣನೆಯ ತೊಡೆಗಳು. ತಣ್ಣನೆಯ ಕೈಗಳು. ಬಿಸಿಲು ಕಪ್ಪಾಯಿತು. ತಾಯಿಯ ಮುಖ ಹೋಯಿತು. ಕಾಲೇಜು ಹೋಯಿತು. ಓಣಿ ಹೋಯಿತು. ಹೆಸರಿನಲ್ಲಿ ಕೊನೆಗೆ ಉಳಿದ ಒಂದಕ್ಷರ ಬಾಯಂಚಿನಲ್ಲಿ ಅರೆಗಳಿಗೆ ನಿಂತು ಅದೂ ಹೋಯಿತು.

ಮಹಾದೇವ ತಿರುಗಿದ. ಕಣ್ಣು ತುಂಬ ನೋಡಿದ.

"ಬಂದೇನ, ಅಂಜನಾ?"

ಈ ಸಲ ಅವಳ ತುಟಿಯನ್ನು ಯಾರೂ ಅಲುಗಿಸಲಿಲ್ಲ. ಅವಳೇ ಹೇಳಿದಳು.

"ಬಂದೆ ರೀ."